ರಕ್ತಕ್ಕಿಳಿದ ನಂಜು, ತೊಳೆಯದ ಕೈ

ತೀವ್ರ ನಿಗಾ ಘಟಕದ ಶುಶ್ರೂಷಕಿಯರಿಗೆ, ರೋಗಿಯ ಕತ್ತಿನ ರಕ್ತನಾಳಕ್ಕೆ ತೂರಿಸುವ ನಳಿಕೆಯ ಮೂಲಕ ನಂಜು ರಕ್ತ ಸೇರದಂತೆ ತಡೆಯುವುದನ್ನು ಕಲಿಸುವಾಗ ನಾನು ಇಗ್ನಾಸ್ ಸೆಮ್ಮೆಲ್‌ವೀಸ್‌ನ ಬದುಕಿನಿಂದಲೇ ಪಾಠ ಆರಂಭಿಸುತ್ತೇನೆ.

1818ರಲ್ಲಿ ಹಂಗೇರಿಯ ಬುಡಾ ಪಟ್ಟಣದಲ್ಲಿ ಹುಟ್ಟಿದ ಈತ, 1846ರಲ್ಲಿ ವಿಯೆನ್ನಾದ ಸಾರ್ವಜನಿಕ ಆಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ಸಹಾಯಕ ವೈದ್ಯನಾದ. ಸೂಲಗಿತ್ತಿಯರು ಕಲಿಯುತ್ತಿದ್ದ ವಾರ್ಡಿಗಿಂತ ವೈದ್ಯ ವಿದ್ಯಾರ್ಥಿಗಳ ವಾರ್ಡಿನಲ್ಲಿ ಬಾಣಂತಿ ಜ್ವರಕ್ಕೆ ಬಲಿಯಾಗುವವರು ಬಹಳ ಹೆಚ್ಚು. 1847ರಲ್ಲಿ ಮಿತ್ರ ಯಾಕೋಬ್ ಕೊಲ್ಲೆಚ್ಕಾ ಶವಪರೀಕ್ಷೆಯ ವೇಳೆ ತಗುಲಿದ ಚಾಕುವಿನ ಗಾಯದಿಂದ, ಅದೇ ರೋಗಲಕ್ಷಣಗಳೊಡನೆ ಸತ್ತಾಗ ಒಗಟು ಬಿಡಿಸಿಕೊಂಡಿತು. ಶವಾಗಾರದಿಂದ ನೇರವಾಗಿ ಹೆರಿಗೆಯ ಮಂಚಕ್ಕೆ ಬರುತ್ತಿದ್ದ ವೈದ್ಯರ ಕೈಗಳೇ ಸಾವನ್ನು ಹೊತ್ತು ತರುತ್ತಿದ್ದವು. ಮೇ ತಿಂಗಳಲ್ಲಿ ಆತ ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯುವುದನ್ನು ಕಡ್ಡಾಯಗೊಳಿಸಿದ. ಏಪ್ರಿಲ್‌ನಲ್ಲಿ ಶೇ 18ರಷ್ಟಿದ್ದ ಸಾವಿನ ಪ್ರಮಾಣ ಜೂನ್‌ನಲ್ಲಿ ಶೇ 2ರ ಆಸುಪಾಸಿಗೆ ಇಳಿಯಿತು.

ಆದರೂ ಹಿರಿಯರಲ್ಲಿ ಬಹುಮಂದಿ ಒಪ್ಪಲಿಲ್ಲ. ತಮ್ಮ ಕೈಗಳೇ ಕಾರಣವೆಂಬುದನ್ನು ಅರಗಿಸಿಕೊಳ್ಳುವುದು ಸುಲಭವಿರಲಿಲ್ಲ. 1849ರಲ್ಲಿ ಆತನ ಹುದ್ದೆ ಹೋಯಿತು. 1861ರಲ್ಲಿ ಗ್ರಂಥ ಪ್ರಕಟಿಸಿದ. ಟೀಕೆಗಳಿಂದ ಕೆರಳಿ, ವಿರೋಧಿಗಳನ್ನು ಕೊಲೆಗಾರರೆಂದು ಬಹಿರಂಗ ಪತ್ರಗಳಲ್ಲಿ ಜರೆದ. 1865ರಲ್ಲಿ ಮಾನಸಿಕ ಚಿಕಿತ್ಸಾಲಯ ಸೇರಿದ ಎರಡೇ ವಾರಗಳಲ್ಲಿ, ಗಾಯದ ನಂಜು ರಕ್ತಕ್ಕೇರಿ, 47ರ ವಯಸ್ಸಿನಲ್ಲಿ ತೀರಿಕೊಂಡ.

ಆತನ ಬಳಿ ಪುರಾವೆಯಿತ್ತು, ಆದರೆ ಹಿರಿಯರನ್ನು ತಡೆಯುವ ಅಧಿಕಾರವಿರಲಿಲ್ಲ. ಆದುದರಿಂದಲೇ ನಾನು ಕೈ ತೊಳೆಯುವ ವಿಧಾನವನ್ನಷ್ಟೇ ಕಲಿಸಿ ನಿಲ್ಲಿಸುವುದಿಲ್ಲ. ಕೈ ತೊಳೆಯದೆ ನಳಿಕೆ ಹಾಕಲು ಬಂದವರು ಎಂಥ ತಜ್ಞರೇ ಆಗಿರಲಿ, ಅವರನ್ನು ವಿನಯದಿಂದ, ಆದರೆ ಅಳುಕದೆ ತಡೆಯಬೇಕೆಂದು ಹೇಳುತ್ತೇನೆ. ಹಾಗೆ ತಡೆದ ಶುಶ್ರೂಷಕಿಯ ಬೆನ್ನಿಗೆ ಆಸ್ಪತ್ರೆ ನಿಲ್ಲದಿದ್ದರೆ, ತರಬೇತಿ ವ್ಯರ್ಥ.