ಡಾಕ್ಟರ್ ಮೇರಿ ಪುನ್ನನ್ ಲೂಕೋಸ್

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಬಿ.ಎಸ್‌ಸಿ. ಪದವಿಯನ್ನು ಪಡೆದ ತರುವಾಯ, ಪರದೇಶಕ್ಕೆ ಹೋಗಿ ವೈದ್ಯವಿದ್ಯೆಯನ್ನು ಮೊದಲಿನಿಂದ ಕಲಿಯಬಹುದೇ ಎಂದು ವಿಚಾರಿಸಲು ಮಾಕಳಿಗೆ ಬರುವುದುಂಟು. ಒಂದು ಪದವಿಯು ಸಾಲದೇ, ವಯಸ್ಸು ಮೀರಲಿಲ್ಲವೇ ಎಂಬ ಚಿಂತೆಯು ಜೊತೆಯಲ್ಲಿ ಬಂದ ತಂದೆತಾಯಿಗಳ ಮುಖದಲ್ಲಿ ಕಾಣುತ್ತದೆ. ಅಂಥವರಿಗೆ ನಾವು ಹೇಳುವ ಚರಿತ್ರೆಯು ಕನ್ನಡನಾಡಿನದಲ್ಲ, ನೆರೆಯ ತಿರುವಾಂಕೂರಿನದು.

ಮೇರಿ ಪುನ್ನನ್ ಅವರು 1886ನೆಯ ಇಸವಿಯಲ್ಲಿ ಅಯ್ಮನಂ ಗ್ರಾಮದ ಸಿರಿಯನ್ ಕ್ರೈಸ್ತ ಮನೆತನದಲ್ಲಿ ಜನಿಸಿದರು. ತಂದೆ ಟಿ. ಇ. ಪುನ್ನನ್ ಅವರು ಆ ಸಂಸ್ಥಾನದ ಮೊದಲನೆಯ ವೈದ್ಯ ಪದವೀಧರರು, ಅರಮನೆಯ ವೈದ್ಯರು. ತಾಯಿಯು ಅಸ್ವಸ್ಥರಾಗಿದ್ದುದರಿಂದ ಮಗುವು ಆಂಗ್ಲ ದಾದಿಯರ ಪೋಷಣೆಯಲ್ಲಿ ಬೆಳೆಯಿತು. ತಿರುವನಂತಪುರದ ಹೋಲಿ ಏಂಜಲ್ಸ್ ಕಾನ್ವೆಂಟಿನಲ್ಲಿ ಓದಿ ಮಹಾರಾಜಾ ಕಾಲೇಜಿಗೆ ಹೋದಾಗ, ಹೆಣ್ಣೆಂಬ ಕಾರಣದಿಂದ ವಿಜ್ಞಾನದ ತರಗತಿಯಲ್ಲಿ ಅವರಿಗೆ ಸ್ಥಳವು ದೊರೆಯಲಿಲ್ಲ. ಚರಿತ್ರೆಯನ್ನೇ ಓದಿ 1909ರಲ್ಲಿ ಬಿ.ಎ. ಪದವಿಯನ್ನು ಪಡೆದರು. ಕಾಲೇಜಿನಲ್ಲಿ ಅವರೊಬ್ಬರೇ ವಿದ್ಯಾರ್ಥಿನಿ.

ಅರಸರ ವಂಶಾವಳಿಯನ್ನು ಓದಿದವರಿಗೆ ಎಲುಬುಗಳ ಹೆಸರು ಹೇಗೆ ತಿಳಿದೀತು? ಆದರೂ ಅವರು ಲಂಡನ್ನಿಗೆ ತೆರಳಿದರು. ಆ ವಿಶ್ವವಿದ್ಯಾನಿಲಯವು 1878ರಲ್ಲಿಯೇ ಸ್ತ್ರೀಯರಿಗೆ ಪದವಿಯ ಬಾಗಿಲನ್ನು ತೆರೆದಿತ್ತು. ಮದರಾಸಿನ ವೈದ್ಯಕಾಲೇಜಿನಲ್ಲಿ 1875ರಲ್ಲಿ ಓದಲಾರಂಭಿಸಿದ್ದ ಮೇರಿ ಷಾರ್ಲೀಬ್ ಎಂಬಾಕೆಯೂ ಅಲ್ಲಿಗೇ ಹೋಗಿ, ಮತ್ತೆ ಓದಿ, 1882ರಲ್ಲಿ ಪದವೀಧರೆಯಾಗಿದ್ದರು. ಒಮ್ಮೆ ಕಲಿತವರು ಪುನಃ ಪಾಠದ ಬೆಂಚಿನಲ್ಲಿ ಕುಳಿತುಕೊಳ್ಳುವುದು ಆಗಲೂ ಹೊಸದಾಗಿರಲಿಲ್ಲ. ಪುನ್ನನ್ ಅವರು 1915ರಲ್ಲಿ ಎಂ.ಬಿ.ಬಿ.ಎಸ್. ಪದವಿಯನ್ನು ಗಳಿಸಿದರು. ಮೊದಲನೆಯ ಪದವಿಗೂ ಇದಕ್ಕೂ ಆರು ವರ್ಷಗಳ ಅಂತರ. ಅವರ ಕಡೆಯವರಲ್ಲಿ ಲಂಡನ್ನಿನ ವೈದ್ಯ ಪದವಿಯನ್ನು ಪಡೆದ ಮೊದಲನೆಯ ಸ್ತ್ರೀ ಇವರೇ. ಡಬ್ಲಿನ್ನಿನ ರೊಟಂಡಾ ಆಸ್ಪತ್ರೆಯಲ್ಲಿ ಪ್ರಸೂತಿ ವಿದ್ಯೆಯನ್ನೂ ಅಭ್ಯಾಸಮಾಡಿದರು. ಯುದ್ಧಕಾಲದಲ್ಲಿಯೇ, 1916ರಲ್ಲಿ, ತಾಯ್ನಾಡಿಗೆ ಹಿಂದಿರುಗಿದರು. ಮಗಳು ವೈದ್ಯಳಾಗಿ ಬಂದುದನ್ನು ನೋಡಲು ತಂದೆಯು ಬದುಕಿರಲಿಲ್ಲ.

ತೈಕ್ಕಾಡಿನ ಸ್ತ್ರೀಯರ ಮತ್ತು ಮಕ್ಕಳ ಆಸ್ಪತ್ರೆಯು ಅವರ ಕೈಗೆ ಬಂದಿತು. ಹೆರಿಗೆಗೆ ಆಸ್ಪತ್ರೆಗೆ ಹೋಗುವುದೆಂದರೆ ಮನೆಯವರು ಹೆದರುತ್ತಿದ್ದ ಕಾಲವದು. ಸೂಲಗಿತ್ತಿಯರ ಮಕ್ಕಳಿಗೇ ಶಾಸ್ತ್ರೀಯವಾದ ಶಿಕ್ಷಣವನ್ನು ಕೊಡಿಸಿ, ಆ ಭಯವನ್ನು ಅವರು ತಗ್ಗಿಸಿದರು. ಈ ಉಪಾಯವು ನಮಗೆ ಶಸ್ತ್ರಚಿಕಿತ್ಸೆಗಿಂತಲೂ ಜಾಣತನದ್ದಾಗಿ ತೋರುತ್ತದೆ. ಕೇರಳದಲ್ಲಿ ಗರ್ಭವನ್ನು ಕೊಯ್ದು ಶಿಶುವನ್ನು ಹೊರತೆಗೆದ ಮೊದಲನೆಯ ಶಸ್ತ್ರಕ್ರಿಯೆಯನ್ನು 1920ರಲ್ಲಿ ಇವರೇ ನಡೆಸಿದರೆಂದು ಪ್ರಸಿದ್ಧಿಯಿದೆ.

1917ರಲ್ಲಿ ನ್ಯಾಯವಾದಿ ಕೆ. ಕೆ. ಲೂಕೋಸ್ ಅವರೊಡನೆ ವಿವಾಹವಾಗಿತ್ತು. 1922ರಲ್ಲಿ ಸಂಸ್ಥಾನದ ಶಾಸನಸಭೆಗೆ ನಾಮಕರಣ ಹೊಂದಿದರು. 1938ರಲ್ಲಿ ಸರ್ಜನ್ ಜನರಲ್ ಪದವಿಗೇರಿದಾಗ 32 ಸರ್ಕಾರಿ ಆಸ್ಪತ್ರೆಗಳೂ 40 ಔಷಧಾಲಯಗಳೂ ಅವರ ಅಧೀನದಲ್ಲಿದ್ದುವು. ನಾಗರಕೋವಿಲಿನಲ್ಲಿ ಕ್ಷಯರೋಗಿಗಳಿಗಾಗಿ ಆರೋಗ್ಯಧಾಮವನ್ನು ಸ್ಥಾಪಿಸಿದರು.

ಇಂದು ಪರದೇಶದಲ್ಲಿ ವೈದ್ಯವಿದ್ಯೆಯನ್ನು ಓದಿ ಇಲ್ಲಿ ವೃತ್ತಿಮಾಡಬಯಸುವವರು ಮೊದಲು ನೀಟ್ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು, ಹಿಂದಿರುಗಿದ ಮೇಲೆ ಮತ್ತೊಂದು ಪರೀಕ್ಷೆಯನ್ನೂ ಗೆಲ್ಲಬೇಕು. ಇದನ್ನು ತಂದೆತಾಯಿಗಳಿಗೆ ನಾವು ಮುಚ್ಚಿಡುವುದಿಲ್ಲ.

ವೈದ್ಯಳೇ ಆಗಿದ್ದ ಮಗಳು ಗ್ರೇಸಿಯು ತಾಯಿಗಿಂತ ಮೊದಲೇ ತೀರಿಕೊಂಡಳು. ರಾಯಭಾರಿಯಾಗಿದ್ದ ಮಗನೂ ತೀರಿಕೊಂಡನು. 1975ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಬಂದಿತು. ಮರುವರ್ಷದ ಅಕ್ಟೋಬರಿನಲ್ಲಿ, ತೊಂಬತ್ತನ್ನು ದಾಟಿದ ವಯಸ್ಸಿನಲ್ಲಿ, ಡಾಕ್ಟರ್ ಲೂಕೋಸ್ ಅವರು ಕಣ್ಮುಚ್ಚಿದರು.