ಅಳತೆ ತಪ್ಪಬಾರದೆಂದ ಲ್ಯಾಂಬ್ಟನ್

ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಉತ್ತರ ಸರಿಹೊಂದಲೆಂದು ರೀಡಿಂಗ್ ತಿದ್ದಿ ಸಿಕ್ಕಿಬಿದ್ದವನು ನಾನು. ಹಾಗಾಗಿ ವಿಲಿಯಂ ಲ್ಯಾಂಬ್ಟನ್ ಅವರ ಬಗ್ಗೆ ಓದುವಾಗ ನಾಚಿಕೆಯಾಯಿತು.

1799ರಲ್ಲಿ ಶ್ರೀರಂಗಪಟ್ಟಣದ ಯುದ್ಧದಲ್ಲಿ ಟಿಪ್ಪುವಿನ ವಿರುದ್ಧ ಹೋರಾಡಿದ ಬ್ರಿಟಿಷ್ ಸೇನಾಧಿಕಾರಿ ಇವರು. ಅದನ್ನು ನಾನು ಮರೆತಿಲ್ಲ. 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಉಕ್ಕಿನ ಸರಪಳಿಯಿಂದ ಸುಮಾರು 7.5 ಮೈಲಿಯ ಆಧಾರರೇಖೆ ಅಳೆದರು. ಬಿಸಿಲಿಗೆ ಉಕ್ಕು ಹಿಗ್ಗುತ್ತದಲ್ಲ? ಸರಪಳಿಗೆ ನೆರಳು ಮಾಡಿಸಿ, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು, ಹಿಗ್ಗಿದಷ್ಟನ್ನು ಲೆಕ್ಕದಲ್ಲಿ ಸರಿಪಡಿಸಿದರು. ಆ ರೇಖೆಯಿಂದ ತ್ರಿಕೋನದ ಮೇಲೆ ತ್ರಿಕೋನ ಹೆಣೆಯುತ್ತ ಹೋದಂತೆ ಸಣ್ಣ ತಪ್ಪೂ ಜೊತೆಗೇ ಸಾಗುತ್ತದೆ. ಅದನ್ನು ಹಿಡಿಯಲು 1804ರಲ್ಲಿ ಸಹಾಯಕ ವಾರೆನ್ ಅವರಿಂದ ಬೆಂಗಳೂರಿನ ಬಳಿ ಇನ್ನೊಂದು ರೇಖೆಯನ್ನು ನೆಲದ ಮೇಲೆಯೇ ಅಳೆಸಿದರು. 7 ಮೈಲಿಗೂ ಮೀರಿದ ಆ ರೇಖೆಯಲ್ಲಿ ಲೆಕ್ಕಕ್ಕೂ ಅಳತೆಗೂ ಇದ್ದ ವ್ಯತ್ಯಾಸ 4 ಇಂಚಿಗಿಂತ ಕಡಿಮೆ!

1808ರಲ್ಲಿ ತಂಜಾವೂರಿನ ದೇವಾಲಯದ ಮೇಲೆ ಏರಿಸುವಾಗ ಸುಮಾರು ಅರ್ಧ ಟನ್ ತೂಕದ ಥಿಯೊಡಲೈಟ್ ಗೋಡೆಗೆ ಬಡಿದು, ಅದರ ಚಕ್ರ ಸೊಟ್ಟಗಾಯಿತು. ಅಂದಾಜಿನಲ್ಲಿ ಕೆಲಸ ಸಾಗಿಸಬಹುದಿತ್ತು. ಅವರು ಡೇರೆಯೊಳಗೆ ಕುಳಿತು ವಾರಗಟ್ಟಲೆ ಅದನ್ನು ಕೈಯಿಂದಲೇ ನೆಟ್ಟಗೆ ಮಾಡಿದರು. ನಾನೋ, ಒಂದು ರೀಡಿಂಗ್ ಮತ್ತೆ ತೆಗೆಯಲು ಬೇಸರಪಟ್ಟಿದ್ದೆ.

ಸರ್ವೆ ಉತ್ತರಕ್ಕೆ ಸಾಗುತ್ತಿದ್ದಾಗಲೇ, 1823ರ ಜನವರಿಯಲ್ಲಿ, ನಾಗಪುರದ ದಾರಿಯ ಹಿಂಗನ್‌ಘಾಟ್‌ನಲ್ಲಿ ತೀರಿಕೊಂಡರು. ಅವರ ಸಮಾಧಿ ಅಲ್ಲೇ ಇದೆ.