ಪರನಾಡಿನಲ್ಲಿ ಗೆಳೆತನದ ನೆಲೆ

ಪರದೇಶಕ್ಕೆ ಕೆಲಸಕ್ಕೆಂದು ಹೊರಟ ಮಗನ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿ, ಬೆಚ್ಚನೆಯ ಬಟ್ಟೆ, ಜಪಸರ ಎಲ್ಲವನ್ನೂ ಇಟ್ಟು ಕಳುಹಿಸುತ್ತೇವೆ. ಆದರೆ ಅಲ್ಲಿನ ಜನರ ಗೆಳೆತನ ಸಂಪಾದಿಸುವುದು ಹೇಗೆಂದು ಹೇಳಿಕೊಡುತ್ತೇವೆಯೇ? ಆ ಪಾಠವನ್ನು ಕಷ್ಟಪಟ್ಟು ಕಲಿತವರೊಬ್ಬರು ಯೇಸುಸಭೆಯ ಸ್ವಾಮಿ ಮತ್ತೇಯೊ ರಿಚ್ಚಿ.

ಅವರು ಹುಟ್ಟಿದ್ದು 1552ರಲ್ಲಿ, ಇಟಲಿಯ ಮಚೆರಾತಾ ಪಟ್ಟಣದಲ್ಲಿ. 1578ರಲ್ಲಿ ಗೋವಾಕ್ಕೆ ಬಂದು, 1580ರಲ್ಲಿ ಕೊಚ್ಚಿಯಲ್ಲಿ ಗುರುದೀಕ್ಷೆ ಪಡೆದರು. 1582ರಲ್ಲಿ ಮಕಾವು ತಲುಪಿದವರೇ ಚೀನೀ ಭಾಷೆ ಕಲಿಯಲು ಕುಳಿತರು. ಮರುವರ್ಷ ಚಾವೋಚಿಂಗ್ ಪಟ್ಟಣದ ಅಧಿಕಾರಿ ವಾಂಗ್ ಪಾನ್ ಅವರು ರಿಚ್ಚಿಯವರಿಗೂ ಸಂಗಡಿಗ ರುಜ್ಜಿಯೇರಿ ಸ್ವಾಮಿಯವರಿಗೂ ಮನೆ ಕಟ್ಟಲು ಜಾಗ ಕೊಟ್ಟರು.

ಜಾಗ ಸಿಕ್ಕಿತು, ಊರಿನವರ ಮನಸ್ಸು ಸಿಕ್ಕಲಿಲ್ಲ. ಕೆಲವರು ಮನೆಯ ಮೇಲೆ ಕಲ್ಲೆಸೆದರು. 1589ರಲ್ಲಿ ಪ್ರಾಂತ್ಯದ ಹೊಸ ಅಧಿಕಾರಿ ಅವರನ್ನು ಅಲ್ಲಿಂದ ಹೊರಡಿಸಿದ. ಶಾವೋಚೌ ಎಂಬ ಊರಿಗೆ ಹೋದರೆ, ಅಲ್ಲಿಯೂ 1592ರ ಒಂದು ರಾತ್ರಿ ದಾಳಿಕೋರರು ಮನೆಗೆ ನುಗ್ಗಿದರು. ಕಿಟಕಿಯಿಂದ ಹಾರಿದ ಸ್ವಾಮಿಯವರ ಕಾಲು ಉಳುಕಿತು.

ಅದೇ ಊರಿನಲ್ಲಿ ಅವರಿಗೆ ಒಬ್ಬ ಗೆಳೆಯ ಸಿಕ್ಕಿದ್ದ. ಹೆಸರು ಚೂ ತಾಯ್‌ಸು, ದೊಡ್ಡ ಮನೆತನದವನು. ಪರದೇಶಿ ಸ್ವಾಮಿಗಳಿಗೆ ಪಾದರಸವನ್ನು ಬೆಳ್ಳಿ ಮಾಡುವ ಗುಟ್ಟು ಗೊತ್ತೆಂದು ನಂಬಿ ಬಂದವನು ಗಣಿತ ಕಲಿಯುತ್ತಾ ಉಳಿದ. ಅಲ್ಲಿಯವರೆಗೆ ರಿಚ್ಚಿ ಬೌದ್ಧ ಸನ್ಯಾಸಿಯ ವೇಷದಲ್ಲಿದ್ದರು. ವಿದ್ವಾಂಸರ ಉಡುಪು ತೊಟ್ಟರೆ ಓದುಬರಹ ಬಲ್ಲವರು ಹತ್ತಿರ ಬರುತ್ತಾರೆಂದು ತಿಳಿಹೇಳಿದವನು ಈ ಗೆಳೆಯನೇ. ಗುರುವಾಗಿ ಬಂದ ಸ್ವಾಮಿಯವರು ಶಿಷ್ಯನ ಮಾತು ಕೇಳಿದರು.

1595ರಲ್ಲಿ ನಾನ್‌ಚಾಂಗ್ ನಗರಕ್ಕೆ ಬಂದಾಗ ಬಾಗಿಲುಗಳು ತೆರೆದವು. ವಿದ್ವಾಂಸರು ಊಟಕ್ಕೆ ಕರೆದರು. ಅರಸು ಮನೆತನದವರೂ ಆದರಿಸಿದರು. ಸ್ವಾಮಿಯವರು ಅಲ್ಲಿನ ರೀತಿಯಂತೆಯೇ ನಮಸ್ಕರಿಸಿ, ಉಂಡು, ಮಾತಾಡಿದರು. ಆ ವರ್ಷವೇ ಚೀನೀ ಭಾಷೆಯಲ್ಲಿ ಗೆಳೆತನದ ಬಗ್ಗೆ ಒಂದು ಚಿಕ್ಕ ಪುಸ್ತಕ ಬರೆದರು. ಅದನ್ನು ಜನ ಮೆಚ್ಚಿ ಓದಿದರು.

1601ರಲ್ಲಿ ರಾಜಧಾನಿ ಬೀಜಿಂಗ್‌ನಲ್ಲಿ ನೆಲೆಸಿದರು. ವಿದ್ವಾಂಸ ಶೂ ಕ್ವಾಂಗ್‌ಚಿ 1603ರಲ್ಲಿ ಪೌಲ ಎಂಬ ಹೆಸರಿನಲ್ಲಿ ದೀಕ್ಷಾಸ್ನಾನ ಪಡೆದರು. ಇಬ್ಬರೂ ಜೊತೆಯಲ್ಲಿ ಕುಳಿತು ಯೂಕ್ಲಿಡನ ರೇಖಾಗಣಿತದ ಮೊದಲ 6 ಭಾಗಗಳನ್ನು ಚೀನೀ ಭಾಷೆಗೆ ತಂದರು. 1607ರಲ್ಲಿ ಅದು ಅಚ್ಚಾಯಿತು. 1610ರಲ್ಲಿ ಗೆಳೆಯ ಲೀ ಚಿಚಾವೋ ಕಾಯಿಲೆ ಬಿದ್ದಾಗ ಸ್ವಾಮಿಯವರೇ ಆರೈಕೆ ಮಾಡಿದರು. ಬಂದವರನ್ನೆಲ್ಲಾ ಬರಮಾಡಿಕೊಂಡು ದಣಿದ ಅವರು ಅದೇ ವರ್ಷ ಮೇ 11ರಂದು ದೈವಾಧೀನರಾದರು.

ಆಗ ಎದುರಾದದ್ದು ಸಮಾಧಿಯ ಪ್ರಶ್ನೆ. ಪರದೇಶಿಯನ್ನು ರಾಜಧಾನಿಯ ಬಳಿ ಮಣ್ಣುಮಾಡುವುದು ಸುಲಭದ ಮಾತಾಗಿರಲಿಲ್ಲ. ಪಾಂತೋಜ ಸ್ವಾಮಿಯವರು ಚಕ್ರವರ್ತಿ ವಾನ್‌ಲೀಗೆ ಬಿನ್ನಹ ಸಲ್ಲಿಸಿದರು. ಅಧಿಕಾರದಲ್ಲಿದ್ದ ಗೆಳೆಯರು ಒತ್ತಾಸೆಯಾಗಿ ನಿಂತರು. ಚಕ್ರವರ್ತಿ ಭೂಮಿ ಕೊಡಿಸಿದ. ಒಮ್ಮೆ ಕಲ್ಲೇಟು ತಿಂದ ಪರದೇಶಿಗೆ ಆ ನಾಡು ತನ್ನ ಮಣ್ಣಿನಲ್ಲೇ ಎಡೆ ಕೊಟ್ಟಿತು. 2022ರ ಡಿಸೆಂಬರ್‌ನಲ್ಲಿ ಪೋಪ್ ಫ್ರಾನ್ಸಿಸ್ ಅವರು ರಿಚ್ಚಿಯವರನ್ನು ಪೂಜ್ಯರೆಂದು ಮಾನ್ಯ ಮಾಡಿದರು.

ನಿಮ್ಮ ಮನೆಯಿಂದ ಪರದೇಶಕ್ಕೆ ಹೊರಡುವವರಿದ್ದರೆ ಇಷ್ಟು ಹೇಳಿ ಕಳುಹಿಸಿ. ಆ ಊರಿನ ಭಾಷೆ ಕಲಿಯಲಿ. ಯಾರಾದರೂ ಊಟಕ್ಕೆ ಕರೆದರೆ ಸಂಕೋಚಪಡದೆ ಹೋಗಲಿ. ತಮ್ಮ ಬಾಗಿಲನ್ನೂ ತೆರೆದಿಡಲಿ. ಹಾಗೆಯೇ, ಬೇರೆ ನಾಡಿನಿಂದ ಬಂದು ನಮ್ಮ ಬೀದಿಯಲ್ಲಿ ಒಂಟಿಯಾಗಿ ಬಾಳುವವರು ಇದ್ದಾರಲ್ಲವೇ? ಈ ಭಾನುವಾರ ಪೂಜೆ ಮುಗಿದ ಮೇಲೆ ಅವರನ್ನು ಊಟಕ್ಕೆ ಕರೆಯಬಾರದೇ?